ಹಳಿ ಯಾರದು, ಟೋಲ್ ಯಾರಿಗೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಬಳ್ಳಾರಿಯ ಗೂಡ್ಸ್ ಕಚೇರಿಯಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು ನಾನು. ರೈಲು, ರಸ್ತೆ, ಬಂದರುಗಳ ಮೇಲೆ ಪ್ರಶ್ನೆ ಬಂದರೆ ಸಂಪಾದಕರು ನನ್ನ ವಿಳಾಸಕ್ಕೆ ಕಳಿಸಿಬಿಡುತ್ತಾರೆ. ಈ ಸಲದ ಕಾಗದಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳಿವೆ: ದೇಶದ ಬಂದರು, ಹೆದ್ದಾರಿ, ವಿಮಾನ ನಿಲ್ದಾಣಗಳಲ್ಲಿ ಪರದೇಶದವರಿಗೆ ಪಾಲು ಕೊಡುವುದು ಸರಿಯೇ? ಹೆಸರು ಹಾಕಬೇಡಿ ಎಂದು ಹಲವರು ಕೋರಿದ್ದಾರೆ. ಹಾಗಾಗಿ ಎಲ್ಲರದೂ ಊರು ಮತ್ತು ಕಸುಬು ಮಾತ್ರ ಇಲ್ಲಿದೆ.

ನಮ್ಮ ದಾಳಿಂಬೆ ಕಂಟೇನರಿನಲ್ಲಿ ಮುಂಬೈ ಬಂದರಿಗೆ ಹೋಗಿ ಅಲ್ಲಿಂದ ಹಡಗು ಹತ್ತುತ್ತದೆ. ಆ ಬಂದರು ದುಬೈಯವರದು ಎಂದು ಖರೀದಿದಾರರೊಬ್ಬರು ಹೇಳಿದರು. ನಿಜವೇ? ನಿಜವಾದರೆ ಯಾರೂ ಯಾಕೆ ಗಲಾಟೆ ಮಾಡಲಿಲ್ಲ?
— ದಾಳಿಂಬೆ ಬೆಳೆಗಾರ, ಕುಷ್ಟಗಿ

ಅವರು ಹೇಳಿದ್ದರಲ್ಲಿ ಅರ್ಧ ನಿಜ. ನಿಮ್ಮ ಪೆಟ್ಟಿಗೆಗಳು ಹೋಗುವುದು ನವಿ ಮುಂಬೈ ಹತ್ತಿರದ ನ್ಹಾವಾ ಶೇವಾಕ್ಕೆ, ಅಂದರೆ ಜವಾಹರಲಾಲ್ ನೆಹರೂ ಬಂದರಿಗೆ. ಅಲ್ಲಿನ ನೆಲ ಸರ್ಕಾರಿ ಪ್ರಾಧಿಕಾರದ್ದು. ಹಡಗಿನಿಂದ ಕಂಟೇನರ್ ಇಳಿಸಿ ಏರಿಸುವ ಟರ್ಮಿನಲ್‌ಗಳು ಮಾತ್ರ ಗುತ್ತಿಗೆದಾರರ ಕೈಯಲ್ಲಿವೆ: ಒಂದು ಕಡೆ ದುಬೈನ ಡಿಪಿ ವರ್ಲ್ಡ್, ಇನ್ನೊಂದು ಕಡೆ ಡೆನ್ಮಾರ್ಕಿನ ಮೇರ್ಸ್ಕ್ ಬಳಗ, ಮತ್ತೊಂದು ಕಡೆ ಸಿಂಗಪುರದ ಪಿಎಸ್ಎ. ಬಂದರು ತಾನೇ ನಡೆಸುತ್ತಿದ್ದ ಟರ್ಮಿನಲ್ಲನ್ನೂ 2022ರಲ್ಲಿ ಜೆ.ಎಂ. ಬಕ್ಷಿ ಮತ್ತು ಫ್ರಾನ್ಸಿನ ಸಿಎಂಎ ಬಳಗದ ಜಂಟಿ ಕಂಪನಿಗೆ 30 ವರ್ಷಕ್ಕೆ ಕೊಟ್ಟರು. ಹೊಲವನ್ನು ಲಾವಣಿಗೆ ಹಾಕಿದ ಹಾಗೆ. ಪಹಣಿ ನಮ್ಮ ಹೆಸರಿನಲ್ಲಿದೆ, ಬಿತ್ತಿ ಬೆಳೆಯುವವರು ಬೇರೆ.

ಗಲಾಟೆಯ ವಿಷಯ ಕೇಳಿದ್ದೀರಿ, ಅದು ದೊಡ್ಡ ಕಥೆ. ನ್ಹಾವಾ ಶೇವಾದ ಮೊದಲ ಖಾಸಗಿ ಟರ್ಮಿನಲ್ ದುಬೈಯವರಿಗೆ ಕೊಟ್ಟದ್ದಲ್ಲ. 1997ರಲ್ಲಿ ಕರಾರು ಆದದ್ದು ಪಿ ಅಂಡ್ ಓ ಬಳಗದೊಂದಿಗೆ. ಅದು ಲಂಡನ್ನಿನ ಹಳೆಯ ಹಡಗು ಕಂಪನಿ. 2006ರಲ್ಲಿ ಡಿಪಿ ವರ್ಲ್ಡ್ ಆ ಇಡೀ ಕಂಪನಿಯನ್ನೇ ಸುಮಾರು 680 ಕೋಟಿ ಡಾಲರ್ ಕೊಟ್ಟು ಕೊಂಡಿತು. ಪಿ ಅಂಡ್ ಓ ಕೈಯಲ್ಲಿ ಅಮೆರಿಕದ ನ್ಯೂಯಾರ್ಕ್–ನ್ಯೂಜೆರ್ಸಿ, ಬಾಲ್ಟಿಮೋರ್, ಮಯಾಮಿ ಮುಂತಾದ ಕಡೆಯ ಟರ್ಮಿನಲ್‌ಗಳೂ ಇದ್ದವು. ಅರಬ್ ಸರ್ಕಾರಿ ಕಂಪನಿಗೆ ನಮ್ಮ ಬಂದರೇ ಎಂದು ಅಮೆರಿಕದಲ್ಲಿ ಬೆಂಕಿ ಹತ್ತಿತು. ವಿರೋಧಿಸುವ ಮಸೂದೆ ತಂದರೆ ವಿಟೊ ಮಾಡುತ್ತೇನೆ ಎಂದು ಅಧ್ಯಕ್ಷ ಬುಷ್ ಹೇಳಿದರೂ ಅವರ ಪಕ್ಷದವರೇ ಕೇಳಲಿಲ್ಲ. ಕೆಳಮನೆಯ ಸಮಿತಿ 62–2 ಮತಗಳಿಂದ ಒಪ್ಪಂದದ ವಿರುದ್ಧ ನಿಂತಿತು. ಮರುದಿನವೇ ಡಿಪಿ ವರ್ಲ್ಡ್ ಹಿಂದೆ ಸರಿಯಿತು, ವರ್ಷದ ಕೊನೆಗೆ ಅಮೆರಿಕದ ಪಾಲನ್ನು ಅಲ್ಲಿನದೇ ಕಂಪನಿಗೆ ಮಾರಿತು.

ಅದೇ ಖರೀದಿಯಲ್ಲಿ ನಮ್ಮ ನ್ಹಾವಾ ಶೇವಾ, ಚೆನ್ನೈ ಮತ್ತು ಮುಂದ್ರಾ ಟರ್ಮಿನಲ್‌ಗಳೂ ದುಬೈ ಕೈಗೆ ಬಂದವು. ಅಮೆರಿಕದ ಗದ್ದಲದಲ್ಲಿ ಧರ್ಮ, ಜನಾಂಗದ ಭಯ ಬೇಕಾದಷ್ಟು ಬೆರೆತಿತ್ತು, ಅದು ನನಗೆ ಒಪ್ಪಿಗೆಯಿಲ್ಲ. ಆದರೆ ನಮ್ಮ ಮೌನ ನನ್ನನ್ನು ಅದಕ್ಕಿಂತ ಹೆಚ್ಚು ಕಾಡುತ್ತದೆ. ಕರಾರಿಗೆ ಸಹಿ ಹಾಕಿದ ಕಂಪನಿ ಇದ್ದಲ್ಲೇ ಇತ್ತು, ಅದರ ಬೆನ್ನ ಹಿಂದಿನ ಒಡೆಯ ಬದಲಾದ. ಗುತ್ತಿಗೆ ಕೊಡುವಾಗ ಎದುರಿಗೆ ಕುಳಿತವರು ಯಾರು ಎಂದು ನೋಡಿದರೆ ಸಾಲದು, ಅವರನ್ನು ನಾಳೆ ಯಾರು ಕೊಳ್ಳಬಹುದು, ಕೊಂಡರೆ ನಮ್ಮನ್ನು ಕೇಳಬೇಕೇ ಬೇಡವೇ ಎಂಬುದು ಕರಾರಿನಲ್ಲಿ ಇರಬೇಕು.

ಗಿಣಿಗೇರಾದಿಂದ ನಮ್ಮೂರಿಗೆ ರೈಲು ಬರಲು ಎಷ್ಟು ವರ್ಷವಾಯಿತು ನಿಮಗೇ ಗೊತ್ತು. ವಿದೇಶಿ ಕಂಪನಿಗೆ ಕೊಟ್ಟಿದ್ದರೆ ಐದು ವರ್ಷದಲ್ಲಿ ಮುಗಿಸುತ್ತಿದ್ದರು. ನಮ್ಮ ಅಕ್ಕಿ ಲಾರಿಯಲ್ಲೇ ಹೋಗಬೇಕೇ? ಒಡೆಯ ಯಾರಾದರೇನು?
— ಅಕ್ಕಿ ಗಿರಣಿ ಮಾಲೀಕ, ಸಿಂಧನೂರು

ಸಾಹುಕಾರರೇ, ನಿಮ್ಮ ಸಿಟ್ಟು ನ್ಯಾಯವಾದದ್ದು. ಮುನಿರಾಬಾದ್–ಮಹಬೂಬನಗರ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 1997–98ರಲ್ಲಿ. ಗಂಗಾವತಿ, ಕಾರಟಗಿ ದಾಟಿ ಸಿಂಧನೂರಿಗೆ ಗಾಡಿ ಬಂದದ್ದು 2024ರಲ್ಲಿ. ಒಂದು ತಲೆಮಾರು ಕಾದಿದೆ.

ಆದರೆ ತಡವಾದದ್ದು ಎಲ್ಲಿ ನೋಡಿ. ಜಮೀನು ಸ್ವಾಧೀನದಲ್ಲಿ, ಪರಿಹಾರದ ತಕರಾರಿನಲ್ಲಿ, ಬಜೆಟ್ಟಿನಲ್ಲಿ ವರ್ಷವರ್ಷ ಚಿಟಿಕೆಯಷ್ಟು ಹಣ ಹಾಕಿದ್ದರಲ್ಲಿ. ವಿದೇಶಿ ಕಂಪನಿ ಬಂದರೂ ಜಮೀನು ತೆಗೆದುಕೊಡಬೇಕಾದದ್ದು ಸರ್ಕಾರವೇ. ಬಳ್ಳಾರಿ ಪಕ್ಕದ ಚಾಗನೂರು, ಸಿರಿವಾರದಲ್ಲಿ ವಿಮಾನ ನಿಲ್ದಾಣಕ್ಕೆಂದು ನೀರಾವರಿ ಜಮೀನು ಹೋಯಿತು, ಖಾಸಗಿ ಕಂಪನಿಗೆ ಗುತ್ತಿಗೆಯೂ ಆಯಿತು. ರೈತರು ಹೊಲ ಕಳೆದುಕೊಂಡರು, ನಿಲ್ದಾಣ ಏಳಲಿಲ್ಲ.

ಇನ್ನೊಂದು ಮಾತು. ಹೊರಗಿನ ಬಂಡವಾಳ ನಮ್ಮ ಕಾರಟಗಿ, ಸಿಂಧನೂರಿನಂಥ ಮಾರ್ಗಕ್ಕೆ ಬರುವುದಿಲ್ಲ. ಅದಕ್ಕೆ ಬೇಕಾದದ್ದು ಈಗಾಗಲೇ ಗಿರಾಕಿ ತುಂಬಿದ ಜಾಗ. 2018ರಲ್ಲಿ ಆಸ್ಟ್ರೇಲಿಯಾದ ಮ್ಯಾಕ್ವೈರಿ ಬಳಗ 9,681 ಕೋಟಿ ರೂಪಾಯಿ ಕೊಟ್ಟು ಆಂಧ್ರ ಮತ್ತು ಗುಜರಾತಿನ 9 ಹೆದ್ದಾರಿ ತುಣುಕುಗಳ ಟೋಲ್ ಹಕ್ಕನ್ನು 30 ವರ್ಷಕ್ಕೆ ಪಡೆಯಿತು. ಆ ರಸ್ತೆಗಳು ಆಗಲೇ ಕಟ್ಟಿ ಮುಗಿದು, ಗಾಡಿಗಳು ಓಡುತ್ತಿದ್ದ ರಸ್ತೆಗಳು.

ಗಿರಾಕಿ ಇಲ್ಲದ ಕಡೆ ಸಾಲ ಮಾಡಿ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಶ್ರೀಲಂಕಾದ ಹಂಬನತೋಟ ಇದೆ. ಚೀನಾದ ಸಾಲದಿಂದ ಬಂದರು ಕಟ್ಟಿದರು, ನಿರೀಕ್ಷಿಸಿದಷ್ಟು ಹಡಗು ಬರಲಿಲ್ಲ. 2017ರಲ್ಲಿ 112 ಕೋಟಿ ಡಾಲರಿಗೆ ಚೀನಾದ ಸರ್ಕಾರಿ ಕಂಪನಿಗೆ 99 ವರ್ಷದ ಗುತ್ತಿಗೆ ಬರೆದುಕೊಟ್ಟರು. ಸಿಂಧನೂರಿನಿಂದ ರಾಯಚೂರಿನ ತನಕದ ಉಳಿದ ಹಳಿಗಾಗಿ ನಿಮ್ಮ ಗಿರಣಿ ಮಾಲೀಕರ ಸಂಘ ಸಂಸದರ ಮನೆ ಬಾಗಿಲಲ್ಲಿ ಕೂರಲಿ, ನಾನೂ ಬಂದು ಕೂರುತ್ತೇನೆ. ಒಡೆಯ ಯಾರಾದರೇನು ಎಂಬ ಮಾತನ್ನು ಮಾತ್ರ ನೀವು ಹೇಳಬೇಡಿ. ಸಾಗಣೆ ದರ ಏರಿದ ದಿನ ಮೊದಲು ಬಂದು ಕೇಳುವವರು ನೀವೇ.

ಈಸ್ಟ್ ಇಂಡಿಯಾ ಕಂಪನಿ ವ್ಯಾಪಾರಕ್ಕೆ ಬಂದು ದೇಶವನ್ನೇ ಆಳಿತು. ಈಗ ನಾವೇ ಕರೆದು ಬಂದರು, ವಿಮಾನ ನಿಲ್ದಾಣ ಕೊಡುತ್ತಿದ್ದೇವೆ. ಇದು ಎರಡನೆಯ ದಾಸ್ಯವಲ್ಲವೇ?
— ನಿವೃತ್ತ ಶಿಕ್ಷಕ, ಕೊಪ್ಪಳ

ಮಾಸ್ತರರೇ, ದಾಸ್ಯ ಎಂಬ ಮಾತು ಬಳಸುವ ಮೊದಲು ಆಗ ನಿಜಕ್ಕೂ ಏನಾಗಿತ್ತು ಎಂದು ನೋಡೋಣ. ನಮ್ಮ ಭಾಗದ ನೆಲದಲ್ಲೇ ಅದರ ಗುರುತು ಇದೆ.

1871ರಲ್ಲಿ ರಾಯಚೂರಿನಲ್ಲಿ ಎರಡು ಹಳಿಗಳು ಕೂಡಿದವು. ಮುಂಬೈ ಕಡೆಯಿಂದ ಬಂದದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಮದ್ರಾಸ್ ಕಡೆಯಿಂದ ಬಂದದ್ದು ಮದ್ರಾಸ್ ರೈಲ್ವೆ. ಎರಡೂ ಲಂಡನ್ನಿನ ಕಂಪನಿಗಳು. ಅವರ ಬಂಡವಾಳಕ್ಕೆ ಶೇ. 5ರ ಲಾಭದ ಖಾತ್ರಿ ಇತ್ತು. ಗಾಡಿ ಲಾಭದಲ್ಲಿ ಓಡದಿದ್ದರೆ ಕೊರತೆಯನ್ನು ಭಾರತದ ಖಜಾನೆಯಿಂದ, ಅಂದರೆ ಇಲ್ಲಿನ ರೈತನ ಕಂದಾಯದಿಂದ ತುಂಬಿಕೊಡುತ್ತಿದ್ದರು. ನೆಲ ಪುಕ್ಕಟೆ, ಅದೂ 99 ವರ್ಷಕ್ಕೆ. ಭಾರತ ಸರ್ಕಾರದ ಹಣಕಾಸು ನೋಡಿಕೊಂಡಿದ್ದ ವಿಲಿಯಂ ಮ್ಯಾಸಿ 1872ರಲ್ಲಿ ಬ್ರಿಟಿಷ್ ಸಂಸತ್ತಿನ ಸಮಿತಿಯ ಮುಂದೆ ಒಪ್ಪಿಕೊಂಡದ್ದೇ ಇದು: ಶೇ. 5 ಸಿಗುವ ತನಕ ತನ್ನ ಹಣ ಹೂಗ್ಲಿ ನದಿಗೆ ಹೋಯಿತೋ ಇಟ್ಟಿಗೆ ಗಾರೆಯಾಯಿತೋ ಎಂಬುದು ಅಲ್ಲಿನ ಹೂಡಿಕೆದಾರನಿಗೆ ಬೇಕಾಗಿಯೇ ಇರಲಿಲ್ಲ.

ಗೂಡ್ಸ್ ಶೆಡ್ಡಿನ ಬೇಲಿಗೆ ನೆಟ್ಟಿದ್ದ ಹಳೆಯ ಹಳಿ ತುಂಡುಗಳನ್ನು ನಾನು ನೌಕರಿಗೆ ಸೇರಿದ ಹೊಸದರಲ್ಲಿ ನೋಡಿದ್ದೆ. ಪಕ್ಕದ ಚಪ್ಪಟೆ ಭಾಗದಲ್ಲಿ ಉಬ್ಬಿದ ಅಕ್ಷರಗಳಿದ್ದವು. ತುಕ್ಕು ಕೆರೆದು ಸುಣ್ಣದ ನೀರು ಸವರಿದರೆ ಇಂಗ್ಲೆಂಡಿನ ಬ್ಯಾರೋ ಉಕ್ಕಿನ ಕಾರ್ಖಾನೆಯ ಹೆಸರು, ಅದರ ಮುಂದೆ ಇಸವಿ ಎದ್ದು ಕಾಣುತ್ತಿತ್ತು. ಸಂಡೂರಿನ ಗುಡ್ಡಗಳಲ್ಲಿ ಇಷ್ಟೊಂದು ಅದಿರು ಇರುವ ಸೀಮೆಗೆ ಹಳಿ ಸಮುದ್ರ ದಾಟಿ ಬಂದಿತ್ತು. ಆ ಅಕ್ಷರಗಳ ಮೇಲೆ ಕೈಯಾಡಿಸಿದಾಗ ಆದ ಸಂಕಟ ಈಗಲೂ ಹಾಗೆಯೇ ಇದೆ.

1876ರ ಧಾತು ಸಂವತ್ಸರದ ಬರದಲ್ಲಿ ಬಳ್ಳಾರಿ ಮದ್ರಾಸ್ ಪ್ರಾಂತದಲ್ಲೇ ಅತಿ ಹೆಚ್ಚು ನರಳಿದ ಜಿಲ್ಲೆಗಳಲ್ಲಿ ಒಂದು. ಹಳಿ ಅದಾಗಲೇ ಇಲ್ಲಿಗೆ ಮುಟ್ಟಿತ್ತು. ಧಾನ್ಯದ ಮೂಟೆಗಳು ನಿಲ್ದಾಣದ ತನಕ ಬಂದವು, ಆದರೆ ಕೊಳ್ಳಲು ಜನರ ಕೈಯಲ್ಲಿ ಕಾಸಿರಲಿಲ್ಲ. ಹಳಿಯಿಂದ ದೂರದ ಹಳ್ಳಿಗಳಿಗೆ ಸಾಗಿಸೋಣವೆಂದರೆ ಎತ್ತುಗಳು ಮೇವಿಲ್ಲದೆ ಸತ್ತಿದ್ದವು. ಬರದ ಆಯೋಗದ ವರದಿಯ ನಂತರ, 1882ರಲ್ಲಿ ಸದರನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿತು, ಅದೂ ಲಂಡನ್ನಿನಲ್ಲಿ, ಅದಕ್ಕೂ ಖಾತ್ರಿ. ಗದಗ, ಕೊಪ್ಪಳ, ಹೊಸಪೇಟೆ, ಬಳ್ಳಾರಿಯ ಹಳಿ ಅದರ ಕೆಲಸ. ನಿಮ್ಮ ಊರಿನ ನಿಲ್ದಾಣ ಬರದ ಲೆಕ್ಕದಲ್ಲಿ ಹುಟ್ಟಿದ್ದು, ಮಾಸ್ತರರೇ.

ಸಾಗಣೆ ದರ ಹೇಗಿತ್ತೆಂದರೆ, ಒಳನಾಡಿನ ಒಂದು ಊರಿನಿಂದ ಇನ್ನೊಂದು ಊರಿಗೆ ಕಳಿಸುವುದಕ್ಕಿಂತ ಬಂದರಿಗೆ ಕಳಿಸುವುದೇ ಅಗ್ಗವಾಗುತ್ತಿತ್ತು. ಹತ್ತಿ ಹೊರಗೆ ಹೋಗಲಿ, ಬಟ್ಟೆ ಒಳಗೆ ಬರಲಿ ಎಂಬ ಲೆಕ್ಕ. ಭಾರತೀಯ ವ್ಯಾಪಾರಿಗಳು ದಶಕಗಟ್ಟಲೆ ಇದರ ಮೇಲೆ ದೂರಿದರು. 1921ರಲ್ಲಿ ಆಕ್ವರ್ತ್ ಸಮಿತಿ ರೈಲನ್ನು ಸರ್ಕಾರವೇ ನಡೆಸಬೇಕೆಂಬ ಶಿಫಾರಸು ಕೊಟ್ಟಿತು. ಪೆನಿನ್ಸುಲಾ ರೈಲ್ವೆ 1925ರಲ್ಲಿ, ನಮ್ಮ ಮದ್ರಾಸ್ ಅಂಡ್ ಸದರನ್ ಮರಾಠಾ 1944ರಲ್ಲಿ ಸರ್ಕಾರದ ಕೈಗೆ ಬಂದವು. ನಿಜಾಮರು ತಮ್ಮ ಸಂಸ್ಥಾನದ ರೈಲನ್ನು ಲಂಡನ್ ಕಂಪನಿಯಿಂದ 1930ರಲ್ಲೇ ಕೊಂಡುಕೊಂಡಿದ್ದರು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಆಗಿನ ಘೋರ ಅನ್ಯಾಯ ಒಡೆಯ ಬಿಳಿಯನಾಗಿದ್ದ ಎಂಬುದಷ್ಟೇ ಅಲ್ಲ. ಲಾಭ ಅವನದು, ನಷ್ಟ ನಮ್ಮದು ಎಂದು ಕರಾರು ಬರೆದಿದ್ದರು, ಆ ಕರಾರನ್ನು ಪ್ರಶ್ನಿಸಲು ನಮಗೆ ಮತವೂ ಇರಲಿಲ್ಲ. ಇಂದು ನಮಗೆ ಮತವಿದೆ, ಹಾಗಾಗಿ ನಾನು ದಾಸ್ಯ ಎನ್ನುವುದಿಲ್ಲ. ಆದರೆ ಗಾಡಿ ಕಡಿಮೆ ಓಡಿದರೆ ಸರ್ಕಾರ ತುಂಬಿಕೊಡಬೇಕು, ಅವಧಿಗೆ ಮೊದಲು ಬಿಟ್ಟರೆ ಪರಿಹಾರ ಕೊಡಬೇಕು ಎಂಬಂಥ ಷರತ್ತು ಇಂದಿನ ಯಾವ ಕರಾರಿನಲ್ಲಿ ಕಂಡರೂ ಆ ಶೇ. 5 ನೆನಪಾಗಲಿ. ಬರೆಸಿಕೊಂಡವನು ಕೆನಡಾದವನಾದರೂ ಅಷ್ಟೇ, ಅಹಮದಾಬಾದಿನವನಾದರೂ ಅಷ್ಟೇ.

ಅಂದಹಾಗೆ, ಅದೇ ಬ್ರಿಟನ್ನಿನಲ್ಲಿ ಖಾಸಗೀಕರಣದ ನಂತರ ಜರ್ಮನಿ, ನೆದರ್ಲೆಂಡ್ಸ್, ಇಟಲಿಯ ಸರ್ಕಾರಿ ಕಂಪನಿಗಳು ರೈಲು ಓಡಿಸಿದವು. 2024ರಲ್ಲಿ ಅವರ ಸಂಸತ್ತು ಕಾನೂನು ಮಾಡಿ, 2025ರ ಮೇ ತಿಂಗಳಿಂದ ಒಂದೊಂದೇ ಸೇವೆಯನ್ನು ಸರ್ಕಾರದ ಕೈಗೆ ಮರಳಿ ತರುತ್ತಿದೆ. ಕರಾರಿನ ಅವಧಿ ಮುಗಿದ ಹಾಗೆ ತೆಗೆದುಕೊಳ್ಳುತ್ತಿರುವುದರಿಂದ ದೊಡ್ಡ ಪರಿಹಾರದ ಹೊರೆಯೂ ಇಲ್ಲ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ಇಂದಿನ ನಿಯಮದಲ್ಲಿ ವಿದೇಶಿಯರಿಗೆ ಎಲ್ಲೆಲ್ಲಿ ಎಷ್ಟು ಅವಕಾಶವಿದೆ?
— ವಿದ್ಯಾರ್ಥಿನಿ, ಬಳ್ಳಾರಿ

ಚಿಕ್ಕದಾಗಿ ಹೇಳುತ್ತೇನೆ ತಂಗಿ. ಹೆದ್ದಾರಿ, ಬಂದರು, ವಿಮಾನ ನಿಲ್ದಾಣಗಳಲ್ಲಿ ಶೇ. 100ರ ತನಕ ವಿದೇಶಿ ಹೂಡಿಕೆಗೆ ಅವಕಾಶವಿದೆ. ರೈಲ್ವೆಯಲ್ಲಿ 2014ರಿಂದ ಸರಕು ಟರ್ಮಿನಲ್, ವಿದ್ಯುದೀಕರಣ, ಸಿಗ್ನಲ್, ಎಂಜಿನ್ ತಯಾರಿಕೆಯಂಥ ಕೆಲಸಗಳಿಗೆ ಬಾಗಿಲು ತೆರೆದಿದೆ. ಬಿಹಾರದ ಮಧೇಪುರದ ಎಂಜಿನ್ ಕಾರ್ಖಾನೆಯಲ್ಲಿ ಫ್ರಾನ್ಸಿನ ಆಲ್‌ಸ್ಟಾಮ್ ಪಾಲು ಶೇ. 74, ರೈಲ್ವೆಯದು ಶೇ. 26. ಈಗಿರುವ ಹಳಿಜಾಲ ಸರ್ಕಾರದ್ದೇ. 2020ರಲ್ಲಿ 109 ಜೋಡಿ ಮಾರ್ಗಗಳಲ್ಲಿ 151 ಖಾಸಗಿ ರೈಲು ಓಡಿಸಲು ಅರ್ಜಿ ಕರೆದರು, ಅದು ಕೈಗೂಡಲಿಲ್ಲ. 2020ರ ಏಪ್ರಿಲ್‌ನಲ್ಲಿ ಬಂದ ಇನ್ನೊಂದು ನಿಯಮದಂತೆ, ನಮ್ಮೊಂದಿಗೆ ಭೂಗಡಿ ಇರುವ ದೇಶಗಳ ಹೂಡಿಕೆಗೆ ಸರ್ಕಾರದ ಅನುಮತಿ ಬೇಕು ಎಂದಾಯಿತು.

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣವನ್ನೂ ನೆನಪಿಡು. 2008ರಲ್ಲಿ ಶುರುವಾದಾಗ ಜರ್ಮನಿಯ ಸೀಮೆನ್ಸ್ ದೊಡ್ಡ ಪಾಲುದಾರ, ಇಂದು ಕೆನಡಾದ ಫೇರ್‌ಫ್ಯಾಕ್ಸ್ ಬಳಗ. ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರ ಮತ್ತು ರಾಜ್ಯ ಸರ್ಕಾರದ ಸಂಸ್ಥೆಗೆ ತಲಾ ಶೇ. 13.

ಹತ್ತಿ ತುಂಬಿಕೊಂಡು ಗದ್ವಾಲ, ಎರ್ರವಲ್ಲಿ ಕ್ರಾಸ್ ಮೇಲೆ ಕರ್ನೂಲಿಗೆ ನಮ್ಮ ಲಾರಿ ಹೋಗುತ್ತದೆ. ಅಲ್ಲಿನ ಟೋಲ್ ಹಣ ಕೆನಡಾಕ್ಕೆ ಹೋಗುತ್ತದೆ ಎನ್ನುತ್ತಾರೆ. ನಾವು ತೆರಿಗೆ ಕಟ್ಟಿ ಮಾಡಿಸಿದ ರಸ್ತೆಯಲ್ಲವೇ?
— ಲಾರಿ ಮಾಲೀಕ, ರಾಯಚೂರು

ಅಣ್ಣಾವರೇ, ಸ್ವಲ್ಪ ಭಾಗ ಹೋಗುತ್ತದೆ. ಹೆದ್ದಾರಿ ಪ್ರಾಧಿಕಾರ 2021ರಲ್ಲಿ ಒಂದು ಮೂಲಸೌಕರ್ಯ ಹೂಡಿಕೆ ಟ್ರಸ್ಟ್ (ಹೂಡಿಕೆದಾರರ ಹಣ ಕೂಡಿಸಿ, ರಸ್ತೆಯ ಗಳಿಕೆಯನ್ನು ಅವರಿಗೆ ಹಂಚುವ ಸಂಸ್ಥೆ) ಮಾಡಿ, ಮೊದಲ ಕಂತಿನಲ್ಲಿ 5 ರಸ್ತೆಗಳನ್ನು, ಒಟ್ಟು ಸುಮಾರು 390 ಕಿ.ಮೀ., ಅದಕ್ಕೆ ವಹಿಸಿತು. ಅದರಲ್ಲಿ ಕೊತ್ತಕೋಟ ಬೈಪಾಸ್–ಕರ್ನೂಲು ರಸ್ತೆ ಒಂದು, ನಮ್ಮ ಬೆಳಗಾವಿ–ಕಾಗಲ್ ಮತ್ತೊಂದು. ಟ್ರಸ್ಟಿನಲ್ಲಿ ಕೆನಡಾ ಪಿಂಚಣಿ ನಿಧಿ ಮತ್ತು ಅಲ್ಲಿನ ಒಂಟಾರಿಯೊ ಶಿಕ್ಷಕರ ಪಿಂಚಣಿ ನಿಧಿ ತಲಾ ಶೇ. 25 ಪಾಲು ಕೊಂಡವು. ನಿಮ್ಮ ಲಾರಿ ಆ ರಸ್ತೆ ಮುಟ್ಟಿದಾಗ ಅಲ್ಲಿನ ಯಾವುದೋ ನಿವೃತ್ತ ಮೇಡಂ ಅವರ ಪಿಂಚಣಿಗೆ ನಾಲ್ಕು ಕಾಸು ಸೇರುತ್ತದೆ.

ಇದರಲ್ಲಿ ನನಗೆ ಸಮಾಧಾನ ತರುವ ಅಂಶ ಒಂದಿದೆ. ದರ ಏರಿಸುವ ಹಕ್ಕು ಅವರ ಕೈಯಲ್ಲಿಲ್ಲ. 2008ರ ಶುಲ್ಕ ನಿಯಮಗಳಂತೆ ಪ್ರತಿ ಏಪ್ರಿಲ್ 1ಕ್ಕೆ ಶೇ. 3, ಜೊತೆಗೆ ಸಗಟು ಬೆಲೆ ಸೂಚ್ಯಂಕದ ಏರಿಕೆಯ ಶೇ. 40. ಯಾರು ಪಾಲುದಾರರಾದರೂ ಲೆಕ್ಕ ಇದೇ. ಗೂಡ್ಸ್ ಕಚೇರಿಯಲ್ಲಿ ನಾವು ದರದ ಪುಸ್ತಕ ತೆರೆದು ಹಮಾಲರ ಎದುರಿಗೇ ಲೆಕ್ಕ ಹಾಕುತ್ತಿದ್ದೆವು, ಗಿರಣಿಯ ದೊಡ್ಡ ಸಾಹುಕಾರನಿಗೂ ಒಂದು ವ್ಯಾಗನ್ನಿನ ವ್ಯಾಪಾರಿಗೂ ಅದೇ ಪುಟ. ಆ ಪದ್ಧತಿ ಇರುವ ತನಕ ಅರ್ಧ ಭಯ ಕಡಿಮೆ.

ಸಮಾಧಾನವಿಲ್ಲದ ಅಂಶ ನಿಮ್ಮ ಮೊಬೈಲಿನಲ್ಲೇ ಇದೆ. ಫಾಸ್ಟ್ಯಾಗ್ ಸಂದೇಶದಲ್ಲಿ ಟೋಲ್ ಕಟ್ಟೆಯ ಹೆಸರು, ಕಡಿತವಾದ ಮೊತ್ತ, ಉಳಿದ ಬಾಕಿ, ಇಷ್ಟೇ ಇರುತ್ತದೆ. ಹಣ ಯಾರ ಖಾತೆಗೆ, ಇನ್ನೂ ಎಷ್ಟು ವರ್ಷ ಎಂಬುದು ಇರುವುದಿಲ್ಲ. ಎರಡು ಸಾಲು ಹೆಚ್ಚು ಬರೆಯಲು ಏನು ಅಡ್ಡಿ? 2022ರಲ್ಲಿ ಇದೇ ಟ್ರಸ್ಟ್ ಸಾಮಾನ್ಯ ಜನರಿಗೂ ಬಾಂಡ್ ಕೊಟ್ಟಿತು, ಕನಿಷ್ಠ ಹತ್ತು ಸಾವಿರ ರೂಪಾಯಿ. ನಮ್ಮ ರಸ್ತೆಯ ಗಳಿಕೆ ನಮ್ಮ ಶಿಕ್ಷಕರ, ನಮ್ಮ ಬಸ್ ನೌಕರರ ಪಿಂಚಣಿಗೆ ಮೊದಲು ಹೋಗುವಂತೆ ಸರ್ಕಾರ ಯಾಕೆ ಮನಸ್ಸು ಮಾಡಬಾರದು ಎಂಬುದು ನನ್ನ ಪ್ರಶ್ನೆ.

2025ರಲ್ಲಿ ತುರ್ಕಿಯ ಕಂಪನಿಯನ್ನು ವಿಮಾನ ನಿಲ್ದಾಣಗಳಿಂದ ಹೊರಹಾಕಿದ್ದು ಸರಿಯೇ? ಹಾಗಾದರೆ ಮೊದಲೇ ಯಾಕೆ ಬಿಟ್ಟುಕೊಂಡರು?
— ಜೀನ್ಸ್ ಹೊಲಿಗೆ ಘಟಕದ ಮಾಲಕಿ, ಬಳ್ಳಾರಿ

ಸೆಲೆಬಿ ಎಂಬ ಆ ಕಂಪನಿ ದೆಹಲಿ, ಮುಂಬೈ, ಬೆಂಗಳೂರು ಸೇರಿ 9 ನಿಲ್ದಾಣಗಳಲ್ಲಿ ಸಾಮಾನು, ಸರಕು ನೋಡಿಕೊಳ್ಳುತ್ತಿತ್ತು. ಆಪರೇಷನ್ ಸಿಂಧೂರ ಸಮಯದಲ್ಲಿ ತುರ್ಕಿ ಪಾಕಿಸ್ತಾನದ ಪರ ನಿಂತ ಮೇಲೆ, ಮೇ 15ರಂದು ಅದರ ಭದ್ರತಾ ಅನುಮತಿ ರದ್ದಾಯಿತು. ಜುಲೈನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ದೇಶದ ಭದ್ರತೆಯ ಮಾತು ಬಂದಾಗ ಇಂಥ ಅಧಿಕಾರ ಸರ್ಕಾರಕ್ಕೆ ಇರಲೇಬೇಕು. ಆದರೆ ಕಾರಣಗಳು ಮುಚ್ಚಿದ ಲಕೋಟೆಯಲ್ಲಿ ನ್ಯಾಯಾಲಯಕ್ಕೆ ಹೋದವು, ಕಂಪನಿಗೂ ಸಿಗಲಿಲ್ಲ, ನಮಗೂ ಸಿಗಲಿಲ್ಲ. ಇದು ನನಗೆ ಹಿಡಿಸಿಲ್ಲ ಅಕ್ಕಾವರೇ. ಅಪಾಯ ನಿಜವಾಗಿದ್ದರೆ ಅದು ಮೇ ತಿಂಗಳಲ್ಲಿ ಹುಟ್ಟಿದ್ದಲ್ಲ.

ನಮ್ಮ ದೇಶದ ಕಂಪನಿಗಳೂ ಹೊರಗೆ ಬಂದರು, ವಿಮಾನ ನಿಲ್ದಾಣ ಕೊಳ್ಳುತ್ತಿವೆ. ಅದಕ್ಕೆ ಚಪ್ಪಾಳೆ, ಇಲ್ಲಿಗೆ ಬಂದವರಿಗೆ ಧಿಕ್ಕಾರವೇ?
— ಗೊಬ್ಬರ ವ್ಯಾಪಾರಿ, ಗಂಗಾವತಿ

ಬಹಳ ಸರಿಯಾದ ಮಾತು. ಅಲ್ಲಿನವರ ಕಣ್ಣಿಗೆ ನಾವೇ ಪರದೇಶಿಗಳು. ಮಾಲ್ಡೀವ್ಸ್‌ನ ಮಾಲೆ ವಿಮಾನ ನಿಲ್ದಾಣವನ್ನು 2010ರಲ್ಲಿ ನಮ್ಮ ಜಿಎಂಆರ್ ನೇತೃತ್ವದ ಕೂಟಕ್ಕೆ 25 ವರ್ಷಕ್ಕೆ ಕೊಟ್ಟಿದ್ದರು. ಪ್ರಯಾಣಿಕರ ಮೇಲೆ 25 ಡಾಲರ್ ಶುಲ್ಕದ ಜಗಳ ಎದ್ದು, ರಾಜಕೀಯ ತಿರುಗಿ, 2012ರ ನವೆಂಬರ್‌ನಲ್ಲಿ ಅಲ್ಲಿನ ಸರ್ಕಾರ ಒಪ್ಪಂದವನ್ನೇ ಹರಿದುಹಾಕಿತು. ಮುಂದೆ ಮಧ್ಯಸ್ಥಿಕೆ ನ್ಯಾಯಮಂಡಳಿ ಸುಮಾರು 27 ಕೋಟಿ ಡಾಲರ್ ಪರಿಹಾರ ಕೊಡಿಸಿತು. ಅಷ್ಟು ಚಿಕ್ಕ ದೇಶಕ್ಕೆ ಅದೆಂಥ ಹೊರೆ ಯೋಚಿಸಿ.

ಕೊಲಂಬೊದ ಪೂರ್ವ ಟರ್ಮಿನಲ್ಲನ್ನು ಭಾರತ–ಜಪಾನ್ ಜೊತೆ ಸೇರಿ ಕಟ್ಟುವ ಒಪ್ಪಂದವನ್ನು ಬಂದರು ಕಾರ್ಮಿಕರ ಹೋರಾಟದ ಮುಂದೆ 2021ರ ಫೆಬ್ರುವರಿಯಲ್ಲಿ ಕೈಬಿಟ್ಟರು. ಬದಲಿಗೆ ಪಶ್ಚಿಮ ಟರ್ಮಿನಲ್ಲಿನಲ್ಲಿ ಅದಾನಿ ಬಳಗಕ್ಕೆ ಶೇ. 51 ಸಿಕ್ಕಿತು. ನೈರೋಬಿ ವಿಮಾನ ನಿಲ್ದಾಣವನ್ನು ಅದೇ ಬಳಗಕ್ಕೆ 30 ವರ್ಷ ಕೊಡುವ ಪ್ರಸ್ತಾಪಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ನೌಕರರು ಕೆಲಸ ನಿಲ್ಲಿಸಿದರು, ನವೆಂಬರ್‌ನಲ್ಲಿ ಅಧ್ಯಕ್ಷ ರುಟೊ ಅದನ್ನು ರದ್ದು ಮಾಡಿದರು. ಆ ಪ್ರಸ್ತಾಪದ ವಿವರ ಜನರಿಗೆ ಗೊತ್ತಾದದ್ದೇ ತಡವಾಗಿ, ಸಿಟ್ಟಿಗೆ ಅದೂ ಒಂದು ಕಾರಣ. ಆ ನೌಕರರ ಜೊತೆ ನನ್ನ ಮನಸ್ಸು ನಿಲ್ಲುತ್ತದೆ. ನಮ್ಮ ಕಂಪನಿ ಎಂಬ ಅಭಿಮಾನಕ್ಕೆ ಅವರ ಪ್ರಶ್ನೆ ತಪ್ಪಾಗುವುದಿಲ್ಲ. ನಾಳೆ ನಾನು ಇಲ್ಲಿ ಕೇಳುವುದೂ ಅದನ್ನೇ.

ಕರಾರು, ಕರಾರು ಎಂದು ನೀವು ಪ್ರತಿ ಸಲ ಬರೆಯುತ್ತೀರಿ. ನಮ್ಮಂಥವರಿಗೆ ಅದು ಎಲ್ಲಿ ಸಿಗುತ್ತದೆ? ಸಿಕ್ಕರೂ ಇಂಗ್ಲಿಷ್.
— ಸ್ವಸಹಾಯ ಸಂಘದ ಕಾರ್ಯದರ್ಶಿ, ಸಿರುಗುಪ್ಪ

ತಾಯಿ, ಮಾಹಿತಿ ಹಕ್ಕು ಕಾಯ್ದೆಯ 6ನೇ ಕಲಮಿನಂತೆ ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು. ಕೇಂದ್ರದ ಕಚೇರಿಗಾದರೆ ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಸಾಕು, ಬಿಪಿಎಲ್ ಕಾರ್ಡ್ ಇದ್ದರೆ ಅದೂ ಬೇಡ. ನಿಮ್ಮ ಹತ್ತಿರದ ಹೆದ್ದಾರಿಯ ಟೋಲ್ ಗುತ್ತಿಗೆಯ ಪ್ರತಿ ಬೇಕೆಂದು ಹೆದ್ದಾರಿ ಪ್ರಾಧಿಕಾರದ ಮಾಹಿತಿ ಅಧಿಕಾರಿಗೆ ಬರೆಯಿರಿ. ತಪ್ಪು ಕಚೇರಿಗೆ ಹೋದರೂ ಐದು ದಿನದೊಳಗೆ ಸರಿಯಾದ ಕಚೇರಿಗೆ ದಾಟಿಸುವ ಹೊಣೆ ಅವರದು. ಉತ್ತರಕ್ಕೆ 30 ದಿನದ ಗಡುವು. ವ್ಯಾಪಾರದ ಗುಟ್ಟು ಎಂದು 8ನೇ ಕಲಮು ತೋರಿಸಿ ನಿರಾಕರಿಸಿದರೆ, ಸಾರ್ವಜನಿಕ ಹಿತ ದೊಡ್ಡದಾಗಿದ್ದಾಗ ಕೊಡಬಹುದು ಎಂದು ಅದೇ ಕಲಮು ಹೇಳುತ್ತದೆ. ಆ ಸಾಲನ್ನು ಬರೆದು ಮೇಲ್ಮನವಿ ಹಾಕಿ.

ಪ್ರತಿ ಬಂದ ಮೇಲೆ ಮೂರು ಜಾಗ ಹುಡುಕಿ: ಅವಧಿ ಎಷ್ಟು, ಕಂಪನಿ ಕೈಬದಲಾದರೆ ಯಾರ ಒಪ್ಪಿಗೆ ಬೇಕು, ಮಧ್ಯದಲ್ಲಿ ರದ್ದಾದರೆ ಯಾರು ಯಾರಿಗೆ ಎಷ್ಟು ಕೊಡಬೇಕು. ಇಂಗ್ಲಿಷ್ ಎಂದು ಹೆದರಬೇಡಿ. ಆ ಪುಟಗಳ ನಕಲನ್ನು ಪತ್ರಿಕೆಯ ವಿಳಾಸಕ್ಕೆ ಕಳಿಸಿದರೆ ನಾನು ಕನ್ನಡದಲ್ಲಿ ಬರೆದು, ನಿಮ್ಮ ಸಂಘದ ಸಭೆಯಲ್ಲಿ ಓದಲು ಬರುವಂತೆ ವಾಪಸ್ ಕಳಿಸುತ್ತೇನೆ.